ಹ್ಯಾಂಡ್ ಬ್ರೇಕ್ ಹಾಕಿದ್ದರೂ ಟಿಪ್ಪರ್ ಜಾರಿತು: ದೋಷ ಹುಡುಕುವ ದಾರಿ

ಚಿಕ್ಕಬಳ್ಳಾಪುರದ ಕಡೆ ಒಂದು ಕ್ರಶರ್. ಹತ್ತು ಚಕ್ರದ ಟಿಪ್ಪರ್ ಜಲ್ಲಿ ತುಂಬಿಸಿಕೊಂಡು, ತೂಕದ ಕಟ್ಟೆಗೆ ಹೋಗುವ ಇಳಿಜಾರಿನಲ್ಲಿ ನಿಂತಿತ್ತು. ಡ್ರೈವರ್ ಹ್ಯಾಂಡ್ ಬ್ರೇಕ್ ಎಳೆದ, ಎಂಜಿನ್ ಆಫ್ ಮಾಡಿದ, ಟಾರ್ಪಾಲು ಕಟ್ಟಲು ಕೆಳಗಿಳಿದ. ಒಂದು ಬದಿಯ ಹಗ್ಗ ಬಿಗಿದು ಇನ್ನೊಂದು ಬದಿಗೆ ಬರುವಷ್ಟರಲ್ಲಿ ಗಾಡಿ ಮೆಲ್ಲಗೆ ಮುಂದಕ್ಕೆ ಹೊರಟಿತು. ಎಂಜಿನ್ ಸದ್ದು ಇಲ್ಲ, ಹಾರನ್ ಇಲ್ಲ. ಟೈರಿನ ಕೆಳಗೆ ಜಲ್ಲಿ ಕರಕರ ಅಂದದ್ದು ಕೇಳಿ ಕ್ಲೀನರ್ ಹುಡುಗ ಕೂಗಿಕೊಂಡ. ಪುಣ್ಯಕ್ಕೆ ಎದುರಿಗೆ ಡಸ್ಟಿನ (ಕಲ್ಲುಪುಡಿಯ) ಗುಡ್ಡೆ ಇತ್ತು. ಬಂಪರ್ ಅದರೊಳಗೆ ಹೂತುಕೊಂಡು ಗಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ನಾನು ಅಲ್ಲಿನ ಗಾಡಿಗಳ ರಿಪೇರಿ ನೋಡಿಕೊಳ್ಳುತ್ತಿದ್ದೆ. ಓಡಿ ಹೋದಾಗ ಡ್ರೈವರ್ ನಡುಗುತ್ತಿದ್ದ. "ಅಣ್ಣಾ, ಬ್ರೇಕ್ ಹಾಕಿದ್ದೆ ಅಣ್ಣಾ. ಮಕ್ಕಳಾಣೆಗೂ ಹಾಕಿದ್ದೆ" ಅಂದ. ಸುತ್ತ ನಿಂತವರು ಯಾರೂ ನಂಬಲಿಲ್ಲ. ನಾನು ಕ್ಯಾಬಿನ್ ಹತ್ತಿ ನೋಡಿದೆ. ಲಿವರ್ ಪೂರ್ತಿ ಹಿಂದಕ್ಕೆ ಬಂದು ಲಾಕ್ ಆಗಿ ಕೂತಿತ್ತು. ಅವನು ಹೇಳಿದ್ದು ನಿಜ.

ಹಾಗಾದರೆ ಗಾಡಿ ಜಾರಿದ್ದು ಏಕೆ? ಆ ದಿನ ಸಂಜೆವರೆಗೆ ನಾವು ಅದನ್ನೇ ಹುಡುಕಿದೆವು. ಯಾವ ಕ್ರಮದಲ್ಲಿ ಹುಡುಕಿದೆವು, ಏನೇನು ಸಿಕ್ಕಿತು, ಬೇರೆ ಗಾಡಿಗಳಲ್ಲಿ ಇನ್ನೇನು ಸಿಕ್ಕೀತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಮುಖ್ಯವಾಗಿ ಏರ್ ಬ್ರೇಕ್ ಇರುವ ಟಿಪ್ಪರ್, ಲಾರಿಗಳಿಗೆ. ಸಣ್ಣ ಗಾಡಿಗಳ ಬಗ್ಗೆ ಕೊನೆಯ ಕಡೆ ಸ್ವಲ್ಪ ಇದೆ.

ಮೊದಲು ಒಂದು ತಪ್ಪು ತಿಳಿವಳಿಕೆ

ಜಾರಿದ ಗಾಡಿ ಕಂಡರೆ ಹತ್ತರಲ್ಲಿ ಎಂಟು ಜನ ಹೇಳುವುದು ಒಂದೇ: "ಏರ್ ಇಳಿದುಹೋಗಿರಬೇಕು." ಇದು ಉಲ್ಟಾ. ಸ್ಪ್ರಿಂಗ್ ಬ್ರೇಕ್ ಇರುವ ಗಾಡಿಯಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಗಾಳಿಯಿಂದಲ್ಲ, ಸ್ಪ್ರಿಂಗ್‌ನಿಂದ. ಗಾಳಿಯ ಕೆಲಸ ಆ ಸ್ಪ್ರಿಂಗನ್ನು ಅದುಮಿ ಹಿಡಿದು ಬ್ರೇಕ್ ಬಿಡಿಸುವುದು. ನೀವು ಲಿವರ್ ಎಳೆದಾಗ "ಪುಸ್" ಅಂತ ಸದ್ದು ಬರುತ್ತದಲ್ಲ, ಅದು ಸ್ಪ್ರಿಂಗನ್ನು ಅದುಮಿಟ್ಟಿದ್ದ ಗಾಳಿ ಹೊರಗೆ ಹೋಗುವ ಸದ್ದು. ಗಾಳಿ ಹೋದ ಕೂಡಲೇ ಸ್ಪ್ರಿಂಗ್ ಚಾಚಿಕೊಳ್ಳುತ್ತದೆ, ಪುಶ್ ರಾಡ್ ಅನ್ನುವ ಸರಳನ್ನು ತಳ್ಳುತ್ತದೆ, ಅದಕ್ಕೆ ಸಿಕ್ಕಿಸಿದ ಸ್ಲ್ಯಾಕ್ ಅಡ್ಜಸ್ಟರ್ ಅನ್ನುವ ತೋಳು ತಿರುಗುತ್ತದೆ, ಅದರ ಜೊತೆ ತಿರುಗುವ ಎಸ್ ಆಕಾರದ ಕ್ಯಾಮ್ ಬ್ರೇಕ್ ಶೂಗಳನ್ನು ಅಗಲಿಸುತ್ತದೆ, ಶೂ ಮೇಲಿನ ಲೈನರ್ ಚಕ್ರದ ಡ್ರಮ್ಮನ್ನು ಒತ್ತಿ ಹಿಡಿಯುತ್ತದೆ. ರಾತ್ರಿಯೆಲ್ಲ ಟ್ಯಾಂಕ್ ಖಾಲಿಯಾದರೂ ಈ ಹಿಡಿತ ಸಡಿಲವಾಗುವುದಿಲ್ಲ.

ಆದ್ದರಿಂದ ಹ್ಯಾಂಡ್ ಬ್ರೇಕ್ ಹಾಕಿದ್ದೂ ಗಾಡಿ ಜಾರಿತು ಅಂದರೆ ಕಾರಣ ಮೂರರಲ್ಲಿ ಒಂದು ಕಡೆ ಇದೆ. ಸ್ಪ್ರಿಂಗ್‌ಗೆ ಕೆಲಸ ಮಾಡಲು ಬಿಟ್ಟಿಲ್ಲ. ಅಥವಾ ಸ್ಪ್ರಿಂಗ್ ತಳ್ಳಿದ ಬಲ ಡ್ರಮ್‌ವರೆಗೆ ತಲುಪಿಲ್ಲ. ಅಥವಾ ಡ್ರಮ್ಮಿಗೂ ಲೈನರಿಗೂ ನಡುವೆ ಹಿಡಿತ ಇಲ್ಲ. ಹುಡುಕಾಟ ಪೂರ್ತಿ ಈ ಮೂರರ ಸುತ್ತಲೇ.

ಗಾಳಿ ಇಳಿದು ಗಾಡಿ ಜಾರುವ ಒಂದು ಸಂದರ್ಭ ಇದೆ. ಅದು ಹ್ಯಾಂಡ್ ಬ್ರೇಕ್ ಬಿಟ್ಟು ಕಾಲಿನ ಬ್ರೇಕನ್ನೇ ನಂಬಿದಾಗ. ಪೆಡಲಿಗೆ ಕೋಲು ಕೊಟ್ಟೋ, ಕಲ್ಲು ಇಟ್ಟೋ ಇಳಿದು ಹೋಗುವವರನ್ನು ನಾನೇ ನೋಡಿದ್ದೇನೆ. ಕಾಲಿನ ಬ್ರೇಕ್ ಗಾಳಿಯಿಂದ ಹಿಡಿಯುತ್ತದೆ. ಎಲ್ಲೋ ಸಣ್ಣ ಲೀಕ್ ಇದ್ದರೂ ಹಿಡಿತ ನಿಧಾನಕ್ಕೆ ಸಡಿಲವಾಗುತ್ತದೆ. ಟ್ರೇಲರ್ ಗಾಡಿಯವರು ಟ್ರೇಲರ್ ಬ್ರೇಕಿನ ಲಿವರ್ ಮಾತ್ರ ಎಳೆದು ಇಳಿಯುವುದೂ ಇದೇ ತಪ್ಪು. ದಯವಿಟ್ಟು ಮಾಡಬೇಡಿ.

ಕೆಳಗೆ ನುಗ್ಗುವ ಮುಂಚೆ

ದೋಷ ಇರುವುದು ಗಾಡಿಯನ್ನು ನಿಲ್ಲಿಸುವ ಭಾಗದಲ್ಲೇ ಅಲ್ವಾ? ಹಾಗಾಗಿ ಹ್ಯಾಂಡ್ ಬ್ರೇಕನ್ನು ಒಂದು ಕ್ಷಣಕ್ಕೂ ನಂಬಬೇಡಿ. ಗಾಡಿಯನ್ನು ಸಮತಟ್ಟಾದ, ಗಟ್ಟಿ ನೆಲಕ್ಕೆ ತನ್ನಿ. ಸಾಧ್ಯವಿದ್ದರೆ ಲೋಡ್ ಇಳಿಸಿ. ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಅಡೆ ಕೊಡಿ. ಉರುಟು ಕಲ್ಲು ಬೇಡ, ಅದು ಟೈರಿನ ಜೊತೆ ಉರುಳುತ್ತದೆ, ಇಲ್ಲವೇ ಚಿಮ್ಮುತ್ತದೆ. ಇಳಿಜಾರಾಗಿ ಕುಯ್ದ ಮರದ ತುಂಡು, ಅಥವಾ ಅಂಗಡಿಯಲ್ಲಿ ಸಿಗುವ ರಬ್ಬರಿನ ವೀಲ್ ಚಾಕ್ ಒಳ್ಳೆಯದು. ದಾರಿಯಲ್ಲಿ ಕೆಟ್ಟು ನಿಂತು, ಕಲ್ಲನ್ನೇ ಕೊಡಬೇಕಾಗಿ ಬಂದರೆ ಹೊರಡುವಾಗ ಅದನ್ನು ಎತ್ತಿ ಪಕ್ಕಕ್ಕೆ ಹಾಕಿ. ಲಾರಿಯವರು ನಡುರಸ್ತೆಯಲ್ಲಿ ಬಿಟ್ಟುಹೋದ ಕಲ್ಲು ರಾತ್ರಿ ಬರುವ ಬೈಕಿನವನಿಗೆ ಕಾಣುವುದಿಲ್ಲ. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಎರಡನೇ ಮಾತು ಬ್ರೇಕ್ ಚೇಂಬರಿನ ಬಗ್ಗೆ. ಹಿಂದಿನ ಹೌಸಿಂಗಿಗೆ (ಆಕ್ಸಲ್ಲಿಗೆ) ಕೂರಿಸಿರುವ ಆ ಡಬ್ಬಿಯ ಹಿಂಭಾಗದಲ್ಲಿ ದೊಡ್ಡ ಸ್ಪ್ರಿಂಗ್ ಅದುಮಿ ಕೂತಿದೆ. ಅದರ ಬಲ ಸುಮಾರು ಒಂದು ಟನ್. ಅದರ ಹೊರಗಿನ ಕ್ಲಾಂಪ್ ಅಥವಾ ಬೋಲ್ಟನ್ನು ಸುಮ್ನೆ ನೋಡೋಣ ಅಂತ ಬಿಚ್ಚಿದರೆ ಮುಚ್ಚಳ ಗುಂಡಿನಂತೆ ಹಾರುತ್ತದೆ. ಜನ ಸತ್ತಿದ್ದಾರೆ. ಸ್ಪ್ರಿಂಗ್ ಭಾಗ ಕೆಟ್ಟಿದ್ದರೆ ಚೇಂಬರನ್ನೇ ಬದಲಾಯಿಸಿ. ಬಿಚ್ಚಿ ಒಳಗೆ ಇಣುಕಬೇಡಿ. ತುಕ್ಕು ತಿಂದು ಸಣ್ಣಗಾದ ಡಬ್ಬಿಯ ಹಿಂದೆ ನೇರವಾಗಿ ಮುಖ ಇಟ್ಟುಕೊಂಡು ಕೆಲಸ ಮಾಡುವುದೂ ಬೇಡ.

ಕಿವಿ ಕೊಡಿ, ಆಮೇಲೆ ಪಾನಾ ಎತ್ತಿಕೊಳ್ಳಿ

ಎಂಜಿನ್ ಓಡಿಸಿ ಏರ್ ಪೂರ್ತಿ ಏರಿಸಿ. ಬಹಳಷ್ಟು ಗಾಡಿಗಳಲ್ಲಿ ಮೀಟರ್ ಮುಳ್ಳು 8 ಬಾರ್ ಆಸುಪಾಸಿಗೆ ಬರುತ್ತದೆ. ಹಳೆಯ ಡ್ರೈವರುಗಳು ಇದನ್ನೇ "ಎಂಟು ಕೆಜಿ ಏರ್" ಅನ್ನುತ್ತಾರೆ. ಒಂದು ಬಾರ್ ಅಂದರೆ ಒಂದು ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕೆಜಿ ಒತ್ತಡ, ಆದ್ದರಿಂದ ಎರಡೂ ಒಂದೇ ಲೆಕ್ಕ. ಎಂಜಿನ್ ಆಫ್ ಮಾಡಿ. ಅಡೆಗಳು ಸರಿಯಾಗಿವೆಯಾ ಅಂತ ಮತ್ತೊಮ್ಮೆ ನೋಡಿ. ಒಬ್ಬರು ಕ್ಯಾಬಿನ್‌ನಲ್ಲಿ, ಒಬ್ಬರು ಹಿಂದೆ.

ಹ್ಯಾಂಡ್ ಬ್ರೇಕ್ ಬಿಡಿಸಿ. ಒಂದು ನಿಮಿಷ ಬಿಟ್ಟು ಎಳೆಯಿರಿ. ಗಾಳಿ ಜೋರಾಗಿ, ಒಂದೇ ಉಸಿರಿಗೆ ಹೊರಹೋಗಬೇಕು. ಹಿಂದೆ ನಿಂತವರಿಗೆ ಪ್ರತಿ ಚಕ್ರದ ಬಳಿ ಪುಶ್ ರಾಡ್ "ಟಕ್" ಅಂತ ಆಚೆ ಬಂದದ್ದು ಕಾಣಬೇಕು. ನಮ್ಮ ಟಿಪ್ಪರಿನಲ್ಲಿ ಹಿಂದಿನ ಎರಡೂ ಹೌಸಿಂಗಿಗೆ ಸೇರಿ ಸ್ಪ್ರಿಂಗ್ ಚೇಂಬರ್ ನಾಲ್ಕು. ಟಾರ್ಚ್ ಹಾಕಿ ನೋಡಿದರೆ ಮೂರು ಅಲ್ಲಾಡಿದವು. ಕೊನೆಯ ಹೌಸಿಂಗಿನ ಎಡಗಡೆಯದು ಮಿಸುಕಲಿಲ್ಲ.

ಅಲ್ಲೇ ಮೊದಲ ಸುಳಿವು ಸಿಕ್ಕಿತು. ನಾಲ್ಕು ಜನ ಹಿಡಿಯಬೇಕಾದ ಹಗ್ಗವನ್ನು ಮೂರೇ ಜನ ಹಿಡಿದಿದ್ದರು.

ಮರೆತುಹೋದ ಬೋಲ್ಟು

ಸ್ಪ್ರಿಂಗ್ ಚೇಂಬರಿನ ಹಿಂಭಾಗದ ನಡುಮಧ್ಯೆ ಒಂದು ಬೋಲ್ಟ್ ಇರುತ್ತದೆ. ದಾರಿಯಲ್ಲಿ ಏರ್ ಪೂರ್ತಿ ಹೋಗಿ ಗಾಡಿ ಜಾಮ್ ಆದರೆ ಈ ಬೋಲ್ಟ್ ತಿರುಗಿಸಿ ಸ್ಪ್ರಿಂಗನ್ನು ಹಿಂದಕ್ಕೆ ಎಳೆದು ಕಟ್ಟಿಹಾಕಬಹುದು. ಆಗ ಚಕ್ರ ಬಿಡುಗಡೆಯಾಗುತ್ತದೆ, ಗಾಡಿಯನ್ನು ಎಳೆದುಕೊಂಡು ಬರಬಹುದು. ಒಳ್ಳೆಯ ಸೌಲಭ್ಯ. ಆದರೆ ರಿಪೇರಿ ಮುಗಿದ ಮೇಲೆ ಬೋಲ್ಟನ್ನು ವಾಪಸ್ ಒಳಗೆ ಹಾಕದಿದ್ದರೆ ಆ ಚಕ್ರಕ್ಕೆ ಹ್ಯಾಂಡ್ ಬ್ರೇಕೇ ಇಲ್ಲ. ಕಾಲಿನ ಬ್ರೇಕ್ ಎಂದಿನಂತೆ ಹಿಡಿಯುತ್ತದೆ. ಡ್ರೈವರಿಗೆ ಏನೂ ಗೊತ್ತಾಗುವುದಿಲ್ಲ.

ಆ ಎಡ ಚೇಂಬರಿನ ಹಿಂದೆ ಬೋಲ್ಟ್ ನಾಲ್ಕು ಬೆರಳಗಲ ಆಚೆ ಚಾಚಿಕೊಂಡಿತ್ತು. ಅದರ ಮೇಲೆ ಕೆಸರು ಒಣಗಿ, ಮತ್ತೆ ಕೆಸರು ಕೂತು ಒಣಗಿತ್ತು. ಬಹಳ ದಿನದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ವಿಚಾರಿಸಿದರೆ, ಹಿಂದಿನ ಡ್ರೈವರ್ ಇದ್ದಾಗ ಪೈಪ್ ಒಡೆದು ಗಾಡಿ ದಾರಿಯಲ್ಲಿ ನಿಂತಿತ್ತಂತೆ. ರಸ್ತೆ ಬದಿಯ ಮೆಕ್ಯಾನಿಕ್ ಒಬ್ಬರು ಬೋಲ್ಟ್ ತಿರುಗಿಸಿ ಗಾಡಿ ಬಿಡಿಸಿಕೊಟ್ಟರು, ಪೈಪ್ ಮಾರನೇ ದಿನ ಬದಲಾಯಿತು. ಬೋಲ್ಟಿನ ವಿಷಯ ಯಾರೂ ಯಾರಿಗೂ ಹೇಳಲಿಲ್ಲ. ಡ್ರೈವರ್ ಬದಲಾದ.

ಎರಡು ಬಗೆ ಇವೆ, ತಿಳಿದಿರಲಿ. ಕೆಲವು ಚೇಂಬರಿನಲ್ಲಿ ಬೋಲ್ಟ್ ಹಿಂದೆಯೇ ಕೂತಿರುತ್ತದೆ, ಅದು ಎಷ್ಟು ಆಚೆ ಇದೆ ಅಂತ ನೋಡಬೇಕು. ಇನ್ನು ಕೆಲವದರಲ್ಲಿ ಬೋಲ್ಟ್ ಬೇರೆ ಇರುತ್ತದೆ, ಚೇಂಬರಿನ ಪಕ್ಕದಲ್ಲೇ ಒಂದು ಗೂಡಿನಲ್ಲಿ ಸಿಕ್ಕಿಸಿಟ್ಟಿರುತ್ತಾರೆ. ಆ ಗೂಡು ಖಾಲಿಯಾಗಿದ್ದರೆ ತಕ್ಷಣ ಹಿಂಭಾಗ ನೋಡಿ, ಬೋಲ್ಟ್ ಅಲ್ಲಿ ಸಿಕ್ಕಿಕೊಂಡಿರಬಹುದು. ಈ ತಪಾಸಣೆಗೆ ಎರಡು ನಿಮಿಷ ಸಾಕು, ಒಂದು ಪಾನಾವೂ ಬೇಡ. ಅದಕ್ಕೇ ನಾನು ಇದನ್ನು ಎಲ್ಲದಕ್ಕಿಂತ ಮೊದಲು ನೋಡುತ್ತೇನೆ.

ವಾಪಸ್ ಬಿಡುವಾಗ ಏರ್ ಪೂರ್ತಿ ಏರಿಸಿ, ಹ್ಯಾಂಡ್ ಬ್ರೇಕ್ ಬಿಡಿಸಿದ ಸ್ಥಿತಿಯಲ್ಲಿ ಕೈ ಪಾನಾದಿಂದ ತಿರುಗಿಸಿ. ಗಾಳಿಯೇ ಸ್ಪ್ರಿಂಗನ್ನು ಹಿಡಿದಿರುವುದರಿಂದ ಬೋಲ್ಟಿಗೆ ಭಾರ ಇರುವುದಿಲ್ಲ, ಸಲೀಸಾಗಿ ತಿರುಗುತ್ತದೆ. ಗಾಳಿ ಇಲ್ಲದೆ ಇಂಪ್ಯಾಕ್ಟ್ ಗನ್ ಹಾಕಿದರೆ ಥ್ರೆಡ್ ಹರಿಯುತ್ತದೆ.

ನಮ್ಮಲ್ಲಿ ಅಂದಿನಿಂದ ಒಂದು ಕಟ್ಟುನಿಟ್ಟು ಮಾಡಿಕೊಂಡೆವು. ಯಾರೇ ಬೋಲ್ಟ್ ಆಚೆ ತೆಗೆದರೂ ಸ್ಟಿಯರಿಂಗಿಗೆ ಕೆಂಪು ಬಟ್ಟೆ ಕಟ್ಟಬೇಕು. ಬೋಲ್ಟ್ ಒಳಗೆ ಹೋದ ಮೇಲೇ ಬಟ್ಟೆ ಬಿಚ್ಚಬೇಕು.

ಕಾಲಿನ ಬ್ರೇಕ್ ಚೆನ್ನಾಗಿದೆ, ಹ್ಯಾಂಡ್ ಬ್ರೇಕ್ ಮಾತ್ರ ಸಾಲದು

ಒಂದು ಬೋಲ್ಟ್ ಆಚೆ ಇದ್ದ ಮಾತ್ರಕ್ಕೆ ಗಾಡಿ ಜಾರಬಾರದಿತ್ತು. ಉಳಿದ ಮೂರು ಇವೆಯಲ್ಲ. ಆದ್ದರಿಂದ ಹುಡುಕಾಟ ನಿಲ್ಲಿಸಲಿಲ್ಲ. ಇಲ್ಲೇ ತುಂಬಾ ಜನ ಎಡವುವುದು. ಒಂದು ದೋಷ ಸಿಕ್ಕ ಕೂಡಲೇ ಖುಷಿಯಾಗಿ ಗಾಡಿ ಬಿಟ್ಟುಬಿಡುತ್ತಾರೆ.

ಮುಂದಿನದು ಸ್ಟ್ರೋಕ್. ಅಂದರೆ ಬ್ರೇಕ್ ಹಿಡಿಯುವಷ್ಟರಲ್ಲಿ ಪುಶ್ ರಾಡ್ ಎಷ್ಟು ದೂರ ಆಚೆ ಬರುತ್ತದೆ ಅನ್ನುವುದು. ಇದು ಇಡೀ ಲೇಖನದ ಜೀವಾಳ, ಸ್ವಲ್ಪ ನಿಧಾನವಾಗಿ ಓದಿ.

ಕಾಲಿನ ಬ್ರೇಕ್ ಒತ್ತಿದಾಗ ಚೇಂಬರಿನೊಳಗಿನ ಡಯಾಫ್ರಮ್ ಅನ್ನುವ ರಬ್ಬರ್ ಹಾಳೆಯ ಮೇಲೆ ಗಾಳಿ ಒತ್ತುತ್ತದೆ. ಪುಶ್ ರಾಡ್ 30 ಮಿಲಿಮೀಟರ್ ಬಂದರೂ, 50 ಬಂದರೂ ಗಾಳಿಯ ಬಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸ್ಪ್ರಿಂಗ್ ಹಾಗಲ್ಲ. ಅದುಮಿದ ಸ್ಪ್ರಿಂಗ್ ಚಾಚಿಕೊಂಡಷ್ಟೂ ಬಲ ಕಳೆದುಕೊಳ್ಳುತ್ತದೆ. ಬಾಲ್ ಪೆನ್ನಿನ ಸ್ಪ್ರಿಂಗನ್ನು ಬೆರಳಲ್ಲಿ ಒತ್ತಿ ನಿಧಾನಕ್ಕೆ ಬಿಡಿ, ಗೊತ್ತಾಗುತ್ತದೆ. ಹಾಗಾಗಿ ಲೈನರ್ ಸವೆದು ಸ್ಟ್ರೋಕ್ ಜಾಸ್ತಿಯಾದಂತೆ ಮೊದಲು ಸೊರಗುವುದು ಹ್ಯಾಂಡ್ ಬ್ರೇಕ್. ಕಾಲಿನ ಬ್ರೇಕ್ ಇನ್ನೂ ಚೆನ್ನಾಗಿಯೇ ಹಿಡಿಯುತ್ತಿರುತ್ತದೆ. "ಬ್ರೇಕ್ ಸೂಪರ್ ಇದೆ ಅಣ್ಣಾ, ಹ್ಯಾಂಡ್ ಬ್ರೇಕ್ ಮಾತ್ರ ಸ್ವಲ್ಪ ಡಲ್" ಅಂತ ಡ್ರೈವರ್ ಹೇಳಿದರೆ ನೇರವಾಗಿ ಸ್ಟ್ರೋಕ್ ಅಳೆಯಿರಿ. ಅವರು ಹೇಳಿದ್ದರಲ್ಲೇ ದೋಷ ಇದೆ.

ಅಳೆಯುವುದು ಹೀಗೆ. ಅಡೆಗಳು ಇರಲಿ. ಟ್ಯಾಂಕಿನಲ್ಲಿ 6ರಿಂದ 7 ಬಾರ್ ಇರಲಿ. ಎಂಜಿನ್ ಆಫ್. ಹ್ಯಾಂಡ್ ಬ್ರೇಕ್ ಬಿಡಿಸಿ. ಪುಶ್ ರಾಡ್ ಚೇಂಬರಿನಿಂದ ಹೊರಬರುವ ಜಾಗದಲ್ಲಿ ರಾಡಿನ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಕೈ ತೆಗೆಯಿರಿ. ಮೇಲಿದ್ದವರು ಪೆಡಲ್ ಪೂರ್ತಿ ಒತ್ತಿ ಹಿಡಿಯಲಿ. ಗೆರೆ ಎಷ್ಟು ದೂರ ಬಂತು ಅಂತ ಸ್ಕೇಲಿನಲ್ಲಿ ನೋಡಿ. ಪೆಡಲ್ ಒತ್ತುವ, ಬಿಡುವ ಹೊತ್ತಿಗೆ ಬೆರಳು ಸ್ಲ್ಯಾಕ್ ಅಡ್ಜಸ್ಟರಿನ ಹತ್ತಿರ ಇರಬಾರದು. ಮೇಲೆ ಇರುವವರಿಗೆ ಕೂಗಿ ಹೇಳಿ, ಅವರು ತಿರುಗಿ ಕೂಗಿದ ಮೇಲೇ ಕೈ ಹಾಕಿ.

ಮಿತಿ ಎಷ್ಟು? ಚೇಂಬರಿನ ಮೇಲೆ 24, 30 ಅಂತ ಸಂಖ್ಯೆ ಇರುತ್ತದೆ. ಅದು ಡಯಾಫ್ರಮಿನ ವಿಸ್ತೀರ್ಣ, ಚದರ ಇಂಚಿನಲ್ಲಿ. ಸಾಮಾನ್ಯ 24ರ ಚೇಂಬರಿಗೆ ಸುಮಾರು 44 ಮಿಲಿಮೀಟರ್, 30ರದಕ್ಕೆ ಸುಮಾರು 50 ಮಿಲಿಮೀಟರ್ ದಾಟಿದರೆ ಅಡ್ಜಸ್ಟ್ ಮಾಡಲೇಬೇಕು. ಉದ್ದ ಸ್ಟ್ರೋಕಿನ ಚೇಂಬರುಗಳಿಗೆ ಮಿತಿ ಬೇರೆ, ಗಾಡಿಯ ಪುಸ್ತಕ ನೋಡಿ. ಸಾಮಾನ್ಯ 30ರ ಚೇಂಬರಿನಲ್ಲಿ ರಾಡ್ ಬರಬಹುದಾದದ್ದೇ ಒಟ್ಟು 64 ಮಿಲಿಮೀಟರ್. ಅಲ್ಲಿಗೆ ಮುಟ್ಟಿದರೆ ಒಳಗೆ ತಳ ಕಚ್ಚುತ್ತದೆ, ಆಮೇಲೆ ಕಾಲಿನ ಬ್ರೇಕೂ ಇಲ್ಲ.

ನಮ್ಮ ಗಾಡಿಯದು 30ರ ಚೇಂಬರ್. ಅಲ್ಲಾಡಿದ ಮೂರರಲ್ಲಿ ಒಂದು 58 ಬಂತು, ಇನ್ನೊಂದು 54. ಡ್ರೈವರ್ ಪಕ್ಕದಲ್ಲೇ ಕೂತು ಸ್ಕೇಲ್ ನೋಡುತ್ತಿದ್ದ. "ಇಷ್ಟು ದಿನ ನಾನು ಇದನ್ನ ನಂಬಿ ಇಳೀತಿದ್ನಾ?" ಅಂದ. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಅಡ್ಜಸ್ಟ್ ಮಾಡುವಾಗ

ಕೈಯಿಂದ ಅಡ್ಜಸ್ಟ್ ಮಾಡುವ ಹಳೆಯ ಮಾದರಿಯಾದರೆ, ಹ್ಯಾಂಡ್ ಬ್ರೇಕ್ ಬಿಡಿಸಿಕೊಂಡೇ ಮಾಡಬೇಕು. ಹಾಕಿಕೊಂಡು ಮಾಡಿದರೆ ರಾಡ್ ಆಗಲೇ ಆಚೆ ಬಂದಿರುತ್ತದೆ, ಅಳತೆಯೆಲ್ಲ ಸುಳ್ಳು. ಸ್ಲ್ಯಾಕ್ ಅಡ್ಜಸ್ಟರಿನ ಬೋಲ್ಟ್ ತಲೆಗೆ ಸುತ್ತ ಒಂದು ಲಾಕ್ ಕಾಲರ್ ಇರುತ್ತದೆ. ಪಾನಾದಿಂದ ಅದನ್ನು ಒಳಗೆ ಒತ್ತಿ ಹಿಡಿದು ತಿರುಗಿಸಿ. ಲೈನರ್ ಡ್ರಮ್ಮಿಗೆ ತಾಗಿ ಬಿಗಿಯಾಗುವವರೆಗೆ ಹೋಗಿ, ಅಲ್ಲಿಂದ ಕಾಲು ಸುತ್ತಿನಿಂದ ಅರ್ಧ ಸುತ್ತು ಹಿಂದಕ್ಕೆ ಬನ್ನಿ. ಕಾಲರ್ ಮತ್ತೆ ಹೊರಗೆ ಬಂದು ಕೂತಿತೇ ನೋಡಿ. ಅದು ಒಳಗೇ ಸಿಕ್ಕಿಕೊಂಡರೆ ಅಡ್ಜಸ್ಟ್ ಮೆಂಟ್ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ಮತ್ತೆ ಸ್ಟ್ರೋಕ್ ಅಳೆಯಿರಿ. ಒಂದೇ ಹೌಸಿಂಗಿನ ಎಡ ಬಲ ಎರಡೂ ಹತ್ತಿರ ಹತ್ತಿರ ಇರಬೇಕು, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ತಾನೇ ಅಡ್ಜಸ್ಟ್ ಆಗುವ ಮಾದರಿಯಾದರೆ ಪಾನಾ ಹಾಕಿ ಬಿಗಿ ಮಾಡಿ ಕಳಿಸಬೇಡಿ. ಅದು ತನ್ನ ಕೆಲಸ ಮಾಡದೆ ಸ್ಟ್ರೋಕ್ ಜಾಸ್ತಿಯಾಗಿದೆ ಅಂದರೆ ಬೇರೆಲ್ಲೋ ಕೆಟ್ಟಿದೆ ಎಂದೇ ಅರ್ಥ. ಪುಶ್ ರಾಡನ್ನು ಅಡ್ಜಸ್ಟರಿಗೆ ಸೇರಿಸುವ ಕ್ಲೆವಿಸ್ ಪಿನ್ ಸವೆದಿರಬಹುದು. ಕ್ಯಾಮ್ ಶಾಫ್ಟಿನ ಬುಷ್ ಹೋಗಿರಬಹುದು: ಶಾಫ್ಟನ್ನು ಕೈಯಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಅಡ್ಜಸ್ಟರನ್ನು ಹೌಸಿಂಗಿಗೆ ಹಿಡಿದಿಡುವ ಕಂಟ್ರೋಲ್ ಆರ್ಮ್ ಕಟ್ಟಾಗಿರಬಹುದು. ಗ್ರೀಸ್ ಕಾಣದೆ ಒಳಗಿನ ಹಲ್ಲು ಜಾಮ್ ಆಗಿರಬಹುದು. ಕೈಯಿಂದ ಬಿಗಿ ಮಾಡಿದರೆ ಇವತ್ತು ಸರಿಹೋದಂತೆ ಕಾಣುತ್ತದೆ, ಹದಿನೈದು ದಿನಕ್ಕೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ನಮ್ಮಲ್ಲಿ ಸಿಕ್ಕಿದ್ದು ಬುಷ್. ಎರಡೂ ಕಡೆ ಬದಲಾಯಿಸಿದೆವು.

ನಾಲ್ಕನೆಯದು: ಎಣ್ಣೆ ಕುಡಿದ ಲೈನರ್

ಉಳಿದ ಒಂದು ಚಕ್ರದ ಸ್ಟ್ರೋಕ್ ಸರಿಯಾಗಿಯೇ ಇತ್ತು, 40ರ ಹತ್ತಿರ. ಆದರೆ ಡ್ರಮ್ಮಿನ ಒಳಬದಿಯಿಂದ ಟೈರಿನ ಗೋಡೆಯವರೆಗೆ ಕಪ್ಪಗೆ ಜಿಡ್ಡಿನ ಗೆರೆ ಇಳಿದಿತ್ತು, ಅದರ ಮೇಲೆ ಕ್ರಶರ್ ಧೂಳು ಅಂಟಿ ಗಟ್ಟಿಯಾಗಿತ್ತು. ಡ್ರಮ್ ಇಳಿಸಿದರೆ ಹಬ್ ಸೀಲ್ (ಚಕ್ರದ ನಡುವೆ ಎಣ್ಣೆ ತಡೆಯುವ ರಬ್ಬರ್) ಹೋಗಿ ಎಣ್ಣೆ ಲೈನರಿಗೆ ಹತ್ತಿತ್ತು. ಸ್ಪ್ರಿಂಗ್ ಪೂರ್ತಿ ಬಲದಿಂದ ಒತ್ತುತ್ತಿದೆ, ಆದರೆ ಒತ್ತುವುದು ಎಣ್ಣೆ ಸವರಿದ ಲೈನರನ್ನು. ಹಿಡಿತ ಎಲ್ಲಿಂದ ಬರಬೇಕು?

ಇಂಥ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿ ತೋರಿಸಿ ಮತ್ತೆ ಹಾಕುವವರಿದ್ದಾರೆ. ಬೇಡ. ಎಣ್ಣೆ ಒಳಗೆ ಇಳಿದಿರುತ್ತದೆ, ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಸೀಲ್ ಹೊಸದು ಹಾಕಿ, ಆ ಹೌಸಿಂಗಿನ ಎರಡೂ ಕಡೆ ಲೈನರ್ ಹೊಸದು ಹಾಕಿ. ಡ್ರಮ್ ಇಳಿಸಿದಾಗಲೇ ಬಿರುಕು, ಆಳದ ಗೆರೆ, ಶೂ ರಿಟರ್ನ್ ಸ್ಪ್ರಿಂಗ್, ಕ್ಯಾಮ್ ರೋಲರ್ ಎಲ್ಲ ನೋಡಿಬಿಡಿ. ಧೂಳನ್ನು ಏರ್ ಗನ್ನಿನಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ.

ಈಗ ಲೆಕ್ಕ ಹಾಕಿ. ನಾಲ್ಕರಲ್ಲಿ ಒಂದು ಕಟ್ಟಿಹಾಕಿತ್ತು. ಒಂದು ಜಾರುತ್ತಿತ್ತು. ಎರಡು ಅರೆಬಲದಲ್ಲಿದ್ದವು. 28 ಟನ್ ತೂಗುವ ಗಾಡಿ, ನೂರು ಅಡಿಗೆ ಎಂಟು ಅಡಿ ಇಳಿಯುವ ಇಳಿಜಾರಿನಲ್ಲಿ ನಿಂತರೆ ಅದನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 2.2 ಟನ್. ಅದೇ ಗಾಡಿ ಖಾಲಿ ಇದ್ದು 10 ಟನ್ ತೂಗಿದರೆ ಎಳೆತ 0.8 ಟನ್ ಮಾತ್ರ. ಅದಕ್ಕೇ ಬೆಳಿಗ್ಗೆ ಖಾಲಿ ಗಾಡಿ ಅದೇ ಜಾಗದಲ್ಲಿ ಅಲ್ಲಾಡದೆ ನಿಂತಿತ್ತು, ಲೋಡ್ ಆದ ಮೇಲೆ ಹೊರಟಿತು. ಖಾಲಿ ಗಾಡಿಯಲ್ಲಿ ಹ್ಯಾಂಡ್ ಬ್ರೇಕ್ ನೋಡಿ "ಸರಿ ಇದೆ" ಅಂತ ಬರೆದರೆ ಅದಕ್ಕೆ ಅರ್ಥವಿಲ್ಲ. ಯುರೋಪಿನ ಬ್ರೇಕ್ ನಿಯಮ ಆರ್13ರ ಪ್ರಕಾರ ತುಂಬಿದ ಗಾಡಿಯನ್ನು ನೂರಕ್ಕೆ 18ರ ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಒಂದೇ ಹಿಡಿದು ನಿಲ್ಲಿಸಬೇಕು. ಒಳ್ಳೆಯ ಸ್ಥಿತಿಯಲ್ಲಿರುವ ಬ್ರೇಕಿಗೆ ಎಷ್ಟು ಶಕ್ತಿ ಇರಬೇಕು ಅನ್ನುವುದಕ್ಕೆ ಇದು ಅಳತೆ.

ಪೂರ್ತಿ ಹೊರಹೋಗದ ಗಾಳಿ

ನಮ್ಮ ಗಾಡಿಯಲ್ಲಿ ಇದು ಇರಲಿಲ್ಲ, ಆದರೆ ಇನ್ನೊಂದರಲ್ಲಿ ಸಿಕ್ಕಿತ್ತು. ಬೋಲ್ಟ್ ಸರಿ, ಸ್ಟ್ರೋಕ್ ಸರಿ, ಲೈನರ್ ಹೊಸದು. ಆದರೂ ಹ್ಯಾಂಡ್ ಬ್ರೇಕ್ ಡಲ್. ಲಿವರ್ ಎಳೆದಾಗ ಸದ್ದು "ಪುಸ್" ಅನ್ನುವ ಬದಲು "ಸುಯ್ಯ್..." ಅಂತ ಎಳೆದುಕೊಂಡು ಬರುತ್ತಿತ್ತು.

ಸ್ಪ್ರಿಂಗ್ ಭಾಗದಲ್ಲಿ ಗಾಳಿ ಸ್ವಲ್ಪ ಉಳಿದರೂ ಅದು ಸ್ಪ್ರಿಂಗಿಗೆ ಎದುರಾಗಿ ತಳ್ಳುತ್ತಲೇ ಇರುತ್ತದೆ. 30ರ ಚೇಂಬರಿನಲ್ಲಿ ಒಂದೇ ಒಂದು ಬಾರ್ ಉಳಿದರೂ ಸುಮಾರು 200 ಕೆಜಿ ಬಲ ಕಳೆದುಹೋಗುತ್ತದೆ. ಚೇಂಬರಿನಲ್ಲಿ ಎರಡು ಪೈಪಿನ ಜಾಗಗಳಿವೆ. 11 ಅಂತ ಬರೆದಿರುವುದು ಕಾಲಿನ ಬ್ರೇಕಿಗೆ, 12 ಹ್ಯಾಂಡ್ ಬ್ರೇಕಿಗೆ. 12ರ ಪೈಪಿಗೆ ಟಿ ಜಾಯಿಂಟ್ ಹಾಕಿ ಏರ್ ಗೇಜ್ ಕೂರಿಸಿ. ಹ್ಯಾಂಡ್ ಬ್ರೇಕ್ ಎಳೆದ ಮೇಲೆ ಮುಳ್ಳು ಸೊನ್ನೆಗೆ ಬರಬೇಕು, ಬೇಗ ಬರಬೇಕು. ಬರದಿದ್ದರೆ ಗಾಳಿ ಹೊರಹೋಗುವ ದಾರಿ ಹಿಡಿದು ಹಿಂದಕ್ಕೆ ಹೋಗಿ: ಪೈಪ್ ಮಡಚಿದೆಯೇ, ಗಾಳಿಯನ್ನು ಬೇಗ ಹೊರಬಿಡುವ ರಿಲೇ ವಾಲ್ವ್ ಅಥವಾ ಕ್ವಿಕ್ ರಿಲೀಸ್ ವಾಲ್ವ್ ಕಚ್ಚಿಕೊಂಡಿದೆಯೇ, ಹ್ಯಾಂಡ್ ಬ್ರೇಕ್ ವಾಲ್ವೇ ಕೆಟ್ಟಿದೆಯೇ. ವಾಲ್ವುಗಳ ಮೇಲೆ 3 ಅಂತ ಬರೆದಿರುವುದು ಗಾಳಿ ಹೊರಹೋಗುವ ಬಾಯಿ.

ಆ ಗಾಡಿ ಒಂದೂವರೆ ತಿಂಗಳು ಶೆಡ್ಡಿನಲ್ಲಿ ನಿಂತಿತ್ತು. ವಾಲ್ವಿನ 3ರ ಬಾಯಿಗೆ ಇರಬೇಕಾದ ರಬ್ಬರ್ ಮುಚ್ಚಳ ಬಿದ್ದುಹೋಗಿತ್ತು. ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು, ಅಚ್ಚುಕಟ್ಟಾಗಿ, ಬೆರಳ ತುದಿಯಷ್ಟು. ತಂತಿಯಿಂದ ಕೆದಕಿದಾಗ ಒಣ ಮಣ್ಣು ಉದುರಿತು. ಪುಡಿ ಒಳಗೆ ಹೋಗಬಾರದು ಅಂತ ವಾಲ್ವನ್ನು ಇಳಿಸಿ ಶುಚಿ ಮಾಡಿ, ಹೊಸ ರಬ್ಬರ್ ಹಾಕಿದೆವು. ನಿಂತ ಗಾಡಿಯನ್ನು ಎಬ್ಬಿಸುವಾಗ ಈ ಬಾಯಿಗಳನ್ನು ನೋಡುವುದು ಅವತ್ತಿನಿಂದ ನನಗೆ ರೂಢಿ.

ಚೇಂಬರ್ ಬದಲಾಯಿಸಿದ ಮೇಲೆ ಹ್ಯಾಂಡ್ ಬ್ರೇಕ್ ಬಿಟ್ಟರೂ ಒಂದು ಚಕ್ರ ಮಾತ್ರ ಬಿಡದೆ ಕಚ್ಚಿಕೊಂಡಿದೆಯಾ? 11, 12 ಪೈಪು ಅದಲುಬದಲಾಗಿದೆ, ಅಷ್ಟೇ.

ಸ್ಪ್ರಿಂಗ್ ಮುರಿದಿದ್ದರೆ

ಚೇಂಬರಿನ ಹಿಂಭಾಗಕ್ಕೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಒಳಗೆ ಲೊಡಲೊಡ ಅಂದರೆ, ತೂತುಗಳಿಂದ ತುಕ್ಕುನೀರು ಇಳಿದ ಕಲೆ ಇದ್ದರೆ ಸ್ಪ್ರಿಂಗ್ ಮುರಿದಿರಬಹುದು. ನೀರೇ ಇದರ ಶತ್ರು. ಕ್ವಾರಿ ಗುಂಡಿಯ ನೀರಿನಲ್ಲಿ ಹೌಸಿಂಗ್ ಮುಳುಗುವಂತೆ ಓಡಾಡುವ ಗಾಡಿಗಳಲ್ಲಿ ಇದು ಜಾಸ್ತಿ. ಹಿಂಭಾಗದ ಬೋಲ್ಟಿನ ರಂಧ್ರಕ್ಕೆ ಪ್ಲಾಸ್ಟಿಕ್ ಮುಚ್ಚಳ ಇರುವ ಮಾದರಿಯಲ್ಲಿ ಆ ಮುಚ್ಚಳ ಕಳೆದುಹೋಗಲು ಬಿಡಬೇಡಿ. ಮುರಿದ ಚೇಂಬರಿಗೆ ರಿಪೇರಿ ಇಲ್ಲ, ಹೊಸದೇ ಹಾಕಬೇಕು.

ಲೀಕ್ ಎಲ್ಲಿದೆ ಅಂತ ಸದ್ದಿನಿಂದಲೇ ತಿಳಿಯಬಹುದು. ಹ್ಯಾಂಡ್ ಬ್ರೇಕ್ ಬಿಡಿಸಿದಾಗ ವಾಲ್ವಿನ ಬಾಯಿಂದ ಸುಸ್ಸ್ ಅನ್ನುತ್ತದೆ, ಎಳೆದ ಕೂಡಲೇ ನಿಲ್ಲುತ್ತದೆ ಅಂದರೆ ಚೇಂಬರಿನ ಎರಡು ಭಾಗಗಳ ನಡುವಿನ ಸೀಲ್ ಹೋಗಿದೆ. ಪೆಡಲ್ ಒತ್ತಿದಾಗ ಮಾತ್ರ ಚೇಂಬರಿನಿಂದ ಸದ್ದು ಬಂದರೆ ಕಾಲಿನ ಬ್ರೇಕಿನ ಡಯಾಫ್ರಮ್ ಹರಿದಿದೆ. ಸಂಶಯವಿದ್ದ ಕಡೆ ಸೋಪಿನ ನೀರು ಸವರಿ. ಬೆಳಿಗ್ಗೆ ಟ್ಯಾಂಕಿನ ನೀರು ಬಿಡುವ ಅಭ್ಯಾಸ ತಪ್ಪಿದರೆ ಆ ನೀರು, ಕಂಪ್ರೆಸರ್ ಎಣ್ಣೆ ಎರಡೂ ಸೇರಿ ಈ ರಬ್ಬರುಗಳನ್ನೆಲ್ಲ ತಿನ್ನುತ್ತವೆ.

ಘಾಟಿ ಇಳಿದ ಕೂಡಲೇ ನಿಲ್ಲಿಸುವವರಿಗೆ

ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಗುಂಡ್ಯದಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಡ್ರಮ್ಮಿನ ವಾಸನೆ ಮೂಗಿಗೆ ಹೊಡೆಯುತ್ತದೆ ಅಲ್ವಾ? ಸುಮಾರು 420 ಮಿಲಿಮೀಟರ್ ಅಗಲದ ಎರಕದ ಡ್ರಮ್ 200 ಡಿಗ್ರಿ ಜಾಸ್ತಿ ಬಿಸಿಯಾದರೆ ಅದರ ಅಗಲ ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ. ಕೇಳಲು ಕಡಿಮೆ ಅನಿಸಬಹುದು. ಆದರೆ ಶೂ ಅಷ್ಟು ಹೆಚ್ಚು ಅಗಲಬೇಕಾದರೆ ಪುಶ್ ರಾಡ್ ಹಲವು ಮಿಲಿಮೀಟರ್ ಹೆಚ್ಚು ಬರಬೇಕು. ತಣ್ಣಗಿದ್ದಾಗ 48 ಇದ್ದ ಸ್ಟ್ರೋಕ್ ಆಗ ಮಿತಿ ದಾಟಿರುತ್ತದೆ, ಸ್ಪ್ರಿಂಗ್ ಬಲ ಕುಸಿದಿರುತ್ತದೆ, ಬಿಸಿ ಲೈನರಿನ ಹಿಡಿತವೂ ಕಮ್ಮಿ. ಆ ಹೊತ್ತಿಗೆ ಇಳಿಜಾರಿನಲ್ಲಿ ಗಾಡಿ ಬಿಟ್ಟು ಇಳಿಯಬೇಡಿ. ಸಮತಟ್ಟು ನೋಡಿ ನಿಲ್ಲಿಸಿ, ಗೇರಿನಲ್ಲಿ ಬಿಡಿ, ಅಡೆ ಕೊಡಿ. ಮೂಗು ಕೆಳಗಿದ್ದರೆ ರಿವರ್ಸ್, ಮೂಗು ಮೇಲಿದ್ದರೆ ಮೊದಲ ಗೇರ್. ಬೇಗ ತಣ್ಣಗಾಗಲಿ ಅಂತ ಬಿಸಿ ಡ್ರಮ್ಮಿಗೆ ನೀರು ಹಾಕಿದರೆ ಅದು ಸೀಳುತ್ತದೆ.

ಇನ್ನೊಂದು ಉಲ್ಟಾ ದೂರು ಇದೆ: ಹ್ಯಾಂಡ್ ಬ್ರೇಕ್ ಪೂರ್ತಿ ಬಿಡುವುದಿಲ್ಲ, ಡ್ರಮ್ ಸುಡುತ್ತದೆ. ಮೊದಲು ಏರ್ ಮೀಟರ್ ನೋಡಿ. 5 ಬಾರ್ ಕೆಳಗೆ ಇದ್ದಾಗ ಸ್ಪ್ರಿಂಗ್ ಪೂರ್ತಿ ಹಿಂದೆ ಹೋಗುವುದಿಲ್ಲ. ಏರ್ ಕಡಿಮೆ ಇದೆ ಅಂತ ಬಝರ್ ಕೂಗುತ್ತಿರುವಾಗಲೇ ಗಾಡಿ ಹೊರಡಿಸುವ ಆತುರ ಲೈನರನ್ನು ತಿನ್ನುತ್ತದೆ.

ಸಣ್ಣ ಗಾಡಿಗಳು

ಪಿಕಪ್, ಸಣ್ಣ ಟಿಪ್ಪರುಗಳಲ್ಲಿ ಹ್ಯಾಂಡ್ ಬ್ರೇಕ್ ಕೇಬಲ್ಲಿನದು. ಲಿವರ್ ತೀರಾ ಮೇಲೆ ಬಂದರೆ ಕೇಬಲ್ ಬಿಗಿ ಮಾಡುವ ಮುಂಚೆ ಹಿಂದಿನ ಶೂ ಅಡ್ಜಸ್ಟ್ ಮಾಡಿ. ಶೂ ಸಡಿಲ ಇಟ್ಟುಕೊಂಡು ಕೇಬಲ್ ಎಳೆದರೆ ಎರಡೂ ಕೆಡುತ್ತವೆ. ಲಿವರಿನ ಹಲ್ಲು ಸವೆದು ತಾನೇ ಜಾರುತ್ತದೆಯೇ ಅಂತ ನೋಡಿ. ಕೆಲವು ಹಳೆ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಡ್ರಮ್ ಗೇರ್ ಬಾಕ್ಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಇರುತ್ತದೆ. ಇಂಥ ಗಾಡಿಯ ಹಿಂದಿನ ಒಂದು ಚಕ್ರವನ್ನು ಜಾಕ್ ಹಾಕಿ ಎತ್ತಿದರೆ ಡಿಫರೆನ್ಷಿಯಲ್ ಮೂಲಕ ಎತ್ತಿದ ಚಕ್ರ ತಿರುಗಿಕೊಂಡು ಗಾಡಿ ಉರುಳಬಹುದು. ಶಾಫ್ಟ್ ಬಿಚ್ಚಿದರಂತೂ ಬ್ರೇಕೇ ಇಲ್ಲ. ಅಡೆ ಇಲ್ಲದೆ ಕೈ ಹಾಕಬೇಡಿ.

ಕೊನೆಯ ಪರೀಕ್ಷೆ

ರಿಪೇರಿ ಮುಗಿದ ಮೇಲೆ ಮೊದಲು ಸಮತಟ್ಟಿನಲ್ಲಿ: ಹ್ಯಾಂಡ್ ಬ್ರೇಕ್ ಹಾಕಿ, ಮೊದಲ ಗೇರಿನಲ್ಲಿ ಕ್ಲಚ್ ಸ್ವಲ್ಪವೇ ಬಿಡಿ. ಗಾಡಿ ಕುಗ್ಗಿ ತಡೆಯಬೇಕು, ಹೊರಡಬಾರದು. ರಿವರ್ಸಿನಲ್ಲೂ ಅದೇ. ಆಮೇಲೆ ಲೋಡ್ ಹಾಕಿ ಇಳಿಜಾರಿನಲ್ಲಿ.

ನಾವು ಅದೇ ಟಿಪ್ಪರಿಗೆ ಅಷ್ಟೇ ಜಲ್ಲಿ ತುಂಬಿಸಿ ಅದೇ ಜಾಗಕ್ಕೆ ತಂದೆವು. ಆ ಹೊತ್ತಿಗೆ ನಾಲ್ಕೂ ಚಕ್ರದ ಸ್ಟ್ರೋಕ್ 38ರಿಂದ 42ರ ಒಳಗೆ ಬಂದಿತ್ತು. ಕೆಳಗೆ ಯಾರೂ ನಿಲ್ಲದಂತೆ ಜಾಗ ಖಾಲಿ ಮಾಡಿಸಿದೆವು. ಟೈರಿನಿಂದ ಒಂದು ಗೇಣು ಮುಂದೆ ಎರಡೂ ಕಡೆ ಅಡೆ ಇಟ್ಟೆವು. ಡ್ರೈವರ್ ಹ್ಯಾಂಡ್ ಬ್ರೇಕ್ ಎಳೆದ, ಗೇರ್ ನ್ಯೂಟ್ರಲ್ ಮಾಡಿದ, ಪೆಡಲಿನಿಂದ ನಿಧಾನಕ್ಕೆ ಕಾಲು ತೆಗೆದ. ನಾನು ಟೈರಿನಿಂದ ನೆಲದವರೆಗೆ ಚಾಕ್‌ಪೀಸಿನಲ್ಲಿ ಒಂದೇ ಗೆರೆ ಎಳೆದು ದೂರ ಸರಿದೆ. ಹದಿನೈದು ನಿಮಿಷ ಕಾದೆವು. ಟೈರಿನ ಗೆರೆಯೂ ನೆಲದ ಗೆರೆಯೂ ಕೂಡಿಕೊಂಡೇ ಇದ್ದವು. ಡ್ರೈವರ್ ಎಂಜಿನ್ ಆಫ್ ಮಾಡಿ ಇಳಿದು ಬಂದ, ಗೆರೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ, ಆಮೇಲೆ ಟಾರ್ಪಾಲಿನ ಹಗ್ಗ ಕೈಗೆ ತೆಗೆದುಕೊಂಡ.